ಬಜೆಟ್ 8 ಸಾವಿರ, ಮಗಳ ಪ್ರವಾಸಕ್ಕೊಂದು ಸಣ್ಣ ಕ್ಯಾಮೆರಾ: ಹಳೇ ಇಕ್ಸಸ್ 185 ತಗೋಬಹುದಾ?

ತುಂಗಾತೀರ
ನಮಸ್ಕಾರ. ಮಗಳು ಎಂಟನೇ ಕ್ಲಾಸು. ಬರುವ ತಿಂಗಳು ಶಾಲೆಯಿಂದ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಪ್ರವಾಸ. ಫೋನ್ ತರುವ ಹಾಗಿಲ್ಲ, ಬೇಕಾದರೆ ಕ್ಯಾಮೆರಾ ತರಬಹುದು ಎಂದಿದ್ದಾರೆ. ಆ ಚೀಟಿ ಮನೆಗೆ ಬಂದಾಗಿನಿಂದ ಬೇರೆ ಮಾತೇ ಇಲ್ಲ.

ಬಜೆಟ್ 8 ಸಾವಿರ, ಎಳೆದರೆ 9. ಸದ್ಯಕ್ಕೆ ಕಣ್ಣಿಗೆ ಬಿದ್ದಿರುವುದು ಇಷ್ಟು.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾನನ್ ಇಕ್ಸಸ್ 185 ಇದೆ. ಬ್ಯಾಟರಿ, ಚಾರ್ಜರ್ ಸೇರಿ 7,500 ಹೇಳುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಹೊಸದೊಂದು ಇದೆ. ಕಂಪನಿ ಹೆಸರು ಎಂದೂ ಕೇಳಿದ್ದಲ್ಲ, ಆದರೆ 48 ಮೆಗಾಪಿಕ್ಸೆಲ್, 4ಕೆ ವಿಡಿಯೋ, 16ಎಕ್ಸ್ ಜೂಮ್ ಎಂದೆಲ್ಲ ಬರೆದಿದ್ದಾರೆ. ಬೆಲೆ 5 ಸಾವಿರದ ಒಳಗೆ. ಇದಲ್ಲದೆ ಬೀರುವಿನಲ್ಲಿ ನಮ್ಮದೇ ಹಳೇ ಕ್ಯಾಮೆರಾ ಬಿದ್ದಿದೆ, 2004ರ ಸುಮಾರಿನದು. ಆನ್ ಏನೋ ಆಗುತ್ತದೆ, ಸ್ಕ್ರೀನ್ ತುಂಬ ನೇರಳೆ ಗೆರೆ.

ನನಗೆ ಫೋಟೋಗ್ರಫಿಯ ಗಂಧಗಾಳಿ ಇಲ್ಲ. 20 ಮೆಗಾಪಿಕ್ಸೆಲ್‌ಗಿಂತ 48 ಒಳ್ಳೆಯದು ಅಲ್ವಾ? ಇಕ್ಸಸ್‌ನಲ್ಲಿ 20 ಮಾತ್ರ.

ಬೆಂದಕಾಳು
ಫೋನ್‌ಗಿಂತ ಚೆನ್ನಾಗಿ ಫೋಟೋ ಬರುತ್ತದೆ ಎಂಬ ಆಸೆ ಇದ್ದರೆ ಮೂರೂ ಬೇಡ.

ಹಳೇಫ್ಲ್ಯಾಶ್
ಆ 48ರದ್ದನ್ನು ಈಗಲೇ ಮರೆತುಬಿಡಿ ಸಾರ್. ಆ ಜಾತಿಯ ಕ್ಯಾಮೆರಾಗಳಲ್ಲಿ ಒಳಗಿರುವ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಬಹಳ ಸಣ್ಣದು, ಅದು ಕೊಡುವ ಚಿತ್ರವನ್ನೇ ಸಾಫ್ಟ್‌ವೇರ್ ಹಿಗ್ಗಿಸಿ 48 ಎಂದು ತೋರಿಸುತ್ತದೆ. ಹಂಚಿನ ಮನೆಗೆ ಇರುವುದು ಒಂದೇ ಗಾಜಿನ ಹಂಚು. ಅದರ ಮೇಲೆ 48 ಚೌಕ ಗೀಚಿದರೆ ಒಳಗೆ ಬೆಳಕು ಜಾಸ್ತಿ ಬರುತ್ತದಾ?

16ಎಕ್ಸ್ ಜೂಮ್ ಕಥೆಯೂ ಅಷ್ಟೇ. ಅದು ಡಿಜಿಟಲ್ ಜೂಮ್. ಫೋಟೋದ ನಡುವಿನ ತುಂಡು ಕತ್ತರಿಸಿ ದೊಡ್ಡದು ಮಾಡುವುದು, ಮನೆಗೆ ಬಂದು ಕಂಪ್ಯೂಟರಿನಲ್ಲೂ ಮಾಡಬಹುದು. ಲೆನ್ಸ್ ತಾನೇ ಚಾಚಿಕೊಂಡು ಹತ್ತಿರ ತರುವುದು ಆಪ್ಟಿಕಲ್ ಜೂಮ್, ಹಾಗೆ ಬರೆದಿದೆಯಾ ನೋಡಿ. ಬರೆದಿರುವುದಿಲ್ಲ.

ಅಂಗಡಿಯಲ್ಲಿ ಕಣ್ಣಾರೆ ಪರೀಕ್ಷೆ ಮಾಡುವುದಾದರೆ ಲೆನ್ಸ್ ಸುತ್ತಲಿನ ಬಳೆಯ ಮೇಲೆ ಅಚ್ಚು ಹಾಕಿದ ಅಂಕಿ ಓದಿ. ಇಕ್ಸಸ್ 185ರಲ್ಲಿ 5.0-40.0 ಎಂಎಂ ಎಂದಿರುತ್ತದೆ. 40ನ್ನು 5ರಿಂದ ಭಾಗಿಸಿದರೆ 8, ಅದೇ 8ಎಕ್ಸ್ ಆಪ್ಟಿಕಲ್ ಜೂಮ್. ಪಕ್ಕದಲ್ಲಿ 1:3.2-6.9 ಎಂದೂ ಇರುತ್ತದೆ, ಅದು ಎಷ್ಟು ಬೆಳಕು ಒಳಗೆ ಬಿಡುತ್ತದೆ ಎಂಬ ಲೆಕ್ಕ. ಬಳೆಯ ಮೇಲೆ ಒಂದೇ ಒಂದು ಅಂಕಿ ಇದ್ದರೆ ಆ ಲೆನ್ಸ್ ಜೂಮ್ ಆಗುವುದೇ ಇಲ್ಲ.

ತುಂಗಾತೀರ
ಸಾರ್ ಅಲ್ಲ, ಮೇಡಂ :) ಲೆನ್ಸ್ ಬಳೆಯ ವಿಷಯ ಗೊತ್ತೇ ಇರಲಿಲ್ಲ. ಆನ್‌ಲೈನ್‌ನವರು ಹಾಕಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಂದೇ ಅಂಕಿ.

@ಬೆಂದಕಾಳು ಫೋನ್ ಶಾಲೆಯಲ್ಲಿ ಬಿಡುವುದಿಲ್ಲ ಎಂದು ಮೊದಲೇ ಬರೆದಿದ್ದೇನಲ್ಲ.

ಬೆಂದಕಾಳು
ಓದಿದೆ ಮೇಡಂ. ಪ್ರವಾಸ ಮುಗಿದ ಮೇಲೆ ಏನು ಎಂದು ಕೇಳುತ್ತಿದ್ದೇನೆ. ಇಕ್ಸಸ್‌ನ ಸೆನ್ಸರ್ 1/2.3 ಇಂಚಿನದು, ಅಂದರೆ ಹೆಚ್ಚುಕಡಿಮೆ 6 ಮಿಮೀ ಅಗಲ, ನಾಲ್ಕೂವರೆ ಮಿಮೀ ಎತ್ತರ. ಈಗಿನ ಮಧ್ಯಮ ಬೆಲೆಯ ಎಷ್ಟೋ ಫೋನ್‌ಗಳ ಮುಖ್ಯ ಕ್ಯಾಮೆರಾದ ಸೆನ್ಸರ್ ಇದಕ್ಕಿಂತ ದೊಡ್ಡದು. ಮೇಲಿಂದ ಫೋನ್ ಒಂದು ಫೋಟೋಕ್ಕೆ ಹತ್ತಾರು ಫ್ರೇಮ್ ತೆಗೆದು ಬೆರೆಸುತ್ತದೆ. 2017ರ ಇಕ್ಸಸ್‌ಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಪ್ರವಾಸದಿಂದ ಬಂದ ವಾರಕ್ಕೇ ಅದು ಬೀರು ಸೇರುತ್ತದೆ. ಅಲ್ಲಿ ಆಗಲೇ ಒಂದು ಇದೆಯಂತಲ್ಲ.

ಮಳೆಹುಚ್ಚು
ಹಾಗೇನಿಲ್ಲ. ನನ್ನ ತಮ್ಮನ ಮಗನಿಗೆ ಇಂಥದ್ದೇ ಒಂದು ಕೊಟ್ಟಿದ್ದೇವೆ. ಫೋನ್ ಕೊಟ್ಟರೆ ಒಂದು ಫೋಟೋ ತೆಗೆದು ರೀಲ್ಸ್ ನೋಡಲು ಕೂರುತ್ತಾನೆ. ಕ್ಯಾಮೆರಾದಲ್ಲಿ ಫೋಟೋ ಬಿಟ್ಟರೆ ಬೇರೆ ಕೆಲಸವೇ ಇಲ್ಲ. ತೋಟಕ್ಕೆ ಹೋಗಿ ಜೇಡದ ಬಲೆ, ಅಣಬೆ, ಪಕ್ಕದ ಮನೆ ನಾಯಿ, ಹೀಗೆ ಏನೇನೋ ತೆಗೆದುಕೊಂಡು ಬರುತ್ತಾನೆ. ಅರ್ಧಕ್ಕರ್ಧ ಮಸುಕು. ಆದರೂ ತೆಗೆಯುತ್ತಾನೆ.

ಬೆಂದಕಾಳು
ಒಳ್ಳೆಯದೇ. ಆದರೆ ಅದು ಮಗುವಿನ ಗುಣ, ಕ್ಯಾಮೆರಾದ ಗುಣ ಅಲ್ಲ.

ಮಸೂರ
ಇಬ್ಬರ ಮಾತಿನಲ್ಲೂ ಹುರುಳಿದೆ, ಇಬ್ಬರೂ ಜಾಗದ ಲೆಕ್ಕ ಬಿಟ್ಟಿದ್ದೀರಿ. ಇಂಥ ಕ್ಯಾಮೆರಾ ಒಳ್ಳೆಯದೋ ಕೆಟ್ಟದ್ದೋ ಎಂದು ಸುಮ್ನೆ ಕೇಳಿದರೆ ಉತ್ತರ ಇಲ್ಲ. ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆಯುತ್ತೀರಿ ಎನ್ನುವುದರ ಮೇಲೆ ಇದೆ.

ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ, ಬಯಲಿನಲ್ಲಿ, ನಿಂತಿರುವ ವಸ್ತು. ಇಲ್ಲಿ 185 ಧಾರಾಳ ಸಾಕು. ಹಂಪಿ ಅಂದರೆ ಇದೇ ಅಲ್ವಾ? ದೂರದ ಗೋಪುರದ ಗಾರೆ ಬೊಂಬೆ ಹತ್ತಿರ ತರುವುದಿದ್ದರೆ 8ಎಕ್ಸ್ ಆಪ್ಟಿಕಲ್ ಜೂಮ್ ಮುಂದೆ 20-25 ಸಾವಿರದ ಫೋನ್ ಸೋಲುತ್ತದೆ.

ಸಂಜೆ ಆಯಿತೋ, ಆಟ ಮುಗಿಯಿತು. ಜೂಮ್ ಮಾಡದೆ ಇದ್ದಾಗ ಲೆನ್ಸ್ ಎಫ್ 3.2, ಪೂರ್ತಿ ಜೂಮ್‌ನಲ್ಲಿ ಎಫ್ 6.9. ಒಳಗೆ ಬರುವ ಬೆಳಕು ನಾಲ್ಕೂವರೆ ಪಟ್ಟು ಕಡಿಮೆ. ಅದನ್ನು ಸರಿದೂಗಿಸಲು ಕ್ಯಾಮೆರಾ ಐಎಸ್‌ಒ, ಅಂದರೆ ಬೆಳಕಿಗೆ ತನ್ನ ಸೂಕ್ಷ್ಮತೆ, ಏರಿಸುತ್ತದೆ. 400 ದಾಟಿದರೆ ಕಾಳು ಕಾಳು ಕಾಣಲು ಶುರು, 800ರಲ್ಲಿ ಕೂದಲು, ಹುಲ್ಲು ಎಲ್ಲ ಒಂದೇ ಮುದ್ದೆ.

ವಿಡಿಯೋದ ಸ್ಪಷ್ಟತೆ 720 ಗೆರೆ ಮಾತ್ರ. ಅದರ ಆಸೆ ಇಟ್ಟುಕೊಳ್ಳಬೇಡಿ. ವೈಫೈ ಇಲ್ಲ, ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಬೇಕು.

ಕಡಲಕರೆ
ಮಸೂರ ಅವರು ಹೇಳಿದ್ದು ನೂರಕ್ಕೆ ನೂರು ಮಾರಾಯ್ರೇ. ನಾನು ಇಂಥ ಒಂದು ಸಣ್ಣ ಕ್ಯಾಮೆರಾ ಹಿಡಿದುಕೊಂಡು ಯಕ್ಷಗಾನದ ಆಟಕ್ಕೆ ಹೋಗುತ್ತಿದ್ದೆ. ವೇಷ ಧಿಗಿಣ ಹಾಕುವಾಗ, ಅಂದರೆ ಹಾರಿ ಹಾರಿ ಸುತ್ತುವಾಗ, ಕ್ಲಿಕ್ಕಿಸಿದರೆ ಬರುವುದು ಒಂದು ಕೆಂಪು ಗೆರೆ, ಒಂದು ಹಳದಿ ಗೆರೆ. ಫ್ಲ್ಯಾಶ್ ಹಾಕಿದರೆ ಎದುರಿನ ಸಾಲಿನ ಅಜ್ಜನ ಬೋಳು ತಲೆ ಫಳಫಳ, ರಂಗಸ್ಥಳ ಕಪ್ಪು. ಈ ಸಣ್ಣ ಫ್ಲ್ಯಾಶ್ ಮೂರು ಮೀಟರ್ ಆಸುಪಾಸು ಮಾತ್ರ ತಲುಪುವುದು, ನಾವು ಕೂತಿರುವುದು ಹತ್ತು ಮೀಟರ್ ದೂರದಲ್ಲಿ. ಮೇಲಿಂದ ಭಾಗವತರ ಕಣ್ಣಿಗೂ ಕಿರಿಕಿರಿ.

ಹಾಗಂತ ಉಪಯೋಗ ಇಲ್ಲ ಎಂದಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಹತ್ತಿರ ಕೂತು ತೆಗೆದದ್ದು ಚೆಂದ ಬಂದಿವೆ. ಅಲ್ಲಿ ಬಲ್ಬು ಹತ್ತಿರ, ಮುಖವೂ ಹತ್ತಿರ, ಕಲಾವಿದರು ಅಲುಗಾಡದೆ ಕೂತಿರುತ್ತಾರೆ.

ಅಕ್ಕಿರೊಟ್ಟಿ
ಅಜ್ಜನ ತಲೆ 😂

ಸಿಸಿಡಿಪ್ರೇಮಿ
ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. 185ರಲ್ಲಿರುವುದು ಸಿಸಿಡಿ ಎಂಬ ಹಳೇ ಬಗೆಯ ಸೆನ್ಸರ್. ಈಗಿನ ಫೋನ್, ಕ್ಯಾಮೆರಾಗಳಲ್ಲಿರುವ ಸಿಮೋಸ್ ಅಲ್ಲ. ಸಿಸಿಡಿಯ ಬಣ್ಣವೇ ಬೇರೆ. ಈಗ ಕಾಲೇಜು ಹುಡುಗರು ಅದಕ್ಕಾಗಿಯೇ ಹುಡುಕಿಕೊಂಡು ಹೋಗುತ್ತಿದ್ದಾರೆ, ಹಾಗಾಗಿ ಬೆಲೆ ಇಳಿಯುವುದಿಲ್ಲ. ಕಣ್ಣು ಮುಚ್ಚಿ ತಗೊಳ್ಳಿ.

ಮಸೂರ
ಕಣ್ಣು ಮುಚ್ಚಿ ಕ್ಯಾಮೆರಾ ತಗೊಳ್ಳಿ ಅನ್ನುವ ಸಲಹೆ ಇವತ್ತೇ ಮೊದಲು ಕೇಳುತ್ತಿರುವುದು.

ಸಿಸಿಡಿ ಬಣ್ಣ ಎನ್ನುವುದರಲ್ಲಿ ಮುಕ್ಕಾಲು ಪಾಲು ಆ ಕಾಲದ ಕಂಪನಿಗಳು ಜೆಪೆಗ್‌ಗೆ ಬಣ್ಣ ಕೂರಿಸುತ್ತಿದ್ದ ರೀತಿ, ಇನ್ನು ಸ್ವಲ್ಪ ನೇರ ಬಡಿಯುವ ಕ್ಸೆನಾನ್ ಫ್ಲ್ಯಾಶ್. ಆ ಎರಡೂ ಇದ್ದರೆ ಸಿಮೋಸ್ ಕ್ಯಾಮೆರಾದಲ್ಲೂ ಅದೇ ನೋಟ ಬರುತ್ತದೆ. ಫ್ಯಾಶನ್ನಿಗೆ ದುಡ್ಡು ಕೊಡುವುದು ಬೇರೆ, ಕ್ಯಾಮೆರಾಕ್ಕೆ ಕೊಡುವುದು ಬೇರೆ.

ಸಿಸಿಡಿಪ್ರೇಮಿ
ನಿಮ್ಮ ಕಣ್ಣಿಗೆ ಕಾಣದಿದ್ದರೆ ನಾನೇನು ಮಾಡಲಿ ಗುರುಗಳೇ. ಚರ್ಮದ ಬಣ್ಣ ನೋಡಿ ಒಮ್ಮೆ.

ದೂರದೇಶಿ
ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಹುಚ್ಚು ಇನ್ನೂ ಜಾಸ್ತಿ. ಹಳೇ ಸಾಮಾನು ಮಾರುವ ಅಂಗಡಿಗಳಲ್ಲಿ ಯಾರೂ ಮೂಸದೆ ಬಿದ್ದಿರುತ್ತಿದ್ದ ಕ್ಯಾಮೆರಾಗಳನ್ನು ಈಗ ಹೈಸ್ಕೂಲ್ ಮಕ್ಕಳು ಬಾಚಿಕೊಂಡು ಹೋಗುತ್ತಾರೆ. ಕ್ಯಾನನ್‌ನವರು 2016ರ ಎಲ್ಫ್ 360 ಎಚ್‌ಎಸ್ ಅನ್ನು 2025ರಲ್ಲಿ ಹೆಸರಿನ ಕೊನೆಗೆ ಒಂದು 'ಎ' ಸೇರಿಸಿ ಮತ್ತೆ ಬಿಟ್ಟರು. ನಮ್ಮ ಕಡೆ ಅದೇ ಇಕ್ಸಸ್ 285 ಎಚ್‌ಎಸ್. ಒಳಗೆ ಅದೇ ಸೆನ್ಸರ್, ಅದೇ 12ಎಕ್ಸ್ ಲೆನ್ಸ್. ಎಸ್‌ಡಿ ಕಾರ್ಡ್ ಜಾಗಕ್ಕೆ ಮೈಕ್ರೋ ಎಸ್‌ಡಿ ಬಂತು, ಬೆಲೆ ಆಗ 380 ಡಾಲರ್ ಹತ್ತಿರ ಇತ್ತು. 2016ರಲ್ಲಿ ಮೊದಲು ಬಂದಾಗ ಇದ್ದ ಬೆಲೆಗಿಂತ ಜಾಸ್ತಿ!

ಹಳೇಫ್ಲ್ಯಾಶ್
ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘ ಸಿಪಾದ ಲೆಕ್ಕ ನೋಡಿದರೆ ಇದು ವಿಚಿತ್ರ ಅನಿಸುತ್ತದೆ. 2010ರಲ್ಲಿ ಲೆನ್ಸ್ ಬಿಚ್ಚಲಾಗದ ಕ್ಯಾಮೆರಾಗಳು 10 ಕೋಟಿಗಿಂತ ಹೆಚ್ಚು ಹೊರಟಿದ್ದವು. 2023ರಲ್ಲಿ 20 ಲಕ್ಷವೂ ಇಲ್ಲ. ಕಡಿಮೆ ಬೆಲೆಯ ಮಾಡೆಲ್‌ಗಳನ್ನು ಒಂದೊಂದಾಗಿ ಎಲ್ಲರೂ ನಿಲ್ಲಿಸಿದರು. ಅದಕ್ಕೇ 8 ಸಾವಿರಕ್ಕೆ ಹೆಸರುವಾಸಿ ಕಂಪನಿಯ ಹೊಸ ಕ್ಯಾಮೆರಾ ಸಿಗುವುದು ಕಷ್ಟ, ಆ ಖಾಲಿ ಜಾಗಕ್ಕೆ 48 ಮೆಗಾಪಿಕ್ಸೆಲ್ ಡಬ್ಬಗಳು ಬಂದು ಕೂತಿವೆ.

ಬಯಲುಸೀಮೆ
ಕೊಡಕ್ ಪಿಕ್ಸ್‌ಪ್ರೋ ಹೆಸರು ಯಾರೂ ಎತ್ತಲಿಲ್ಲವಲ್ರೀ. ಎಫ್‌ಜಡ್45 ಇದೆ, ಎಫ್‌ಜಡ್55 ಇದೆ. ಎರಡೂ 16 ಮೆಗಾಪಿಕ್ಸೆಲ್ ಸಿಮೋಸ್, 1080 ವಿಡಿಯೋ. 45ರಲ್ಲಿ 4ಎಕ್ಸ್ ಜೂಮ್, 55ರಲ್ಲಿ 5ಎಕ್ಸ್. ಇದು ಹಳೇ ಕೊಡಕ್ ಕಂಪನಿ ಅಲ್ಲ, ಹೆಸರಿನ ಲೈಸೆನ್ಸ್ ಪಡೆದು ಬೇರೆಯವರು ಮಾಡುತ್ತಾರೆ. ಸಿಕ್ಕರೆ ಹೊಸದೇ ಸಿಗುತ್ತದೆ, ನೋಡ್ರಿ. ಬೆಲೆ ಮಾತ್ರ ವಿಚಾರಿಸಿಕೊಳ್ಳಿ, ಏರುತ್ತಲೇ ಇರುತ್ತದೆ.

ನನ್ನ ಓಟು 45ಕ್ಕೆ. ಯಾಕೆಂದರೆ ಅದಕ್ಕೆ ಎರಡು ಎಎ ಸೆಲ್ ಹಾಕಿದರೆ ಆಯಿತು. ಶಾಲೆ ಪ್ರವಾಸದಲ್ಲಿ ಮಕ್ಕಳನ್ನು ಹಾಲ್‌ನಲ್ಲಿ ಮಲಗಿಸುತ್ತಾರೆ. ನಲವತ್ತು ಮಕ್ಕಳಿಗೆ ಒಂದು ಪ್ಲಗ್ ಪಾಯಿಂಟು, ಅದರಲ್ಲೂ ಟೀಚರ್ ಫೋನ್ ಸಿಕ್ಕಿಸಿರುತ್ತಾರೆ. ಚಾರ್ಜರ್ ತಗೊಂಡು ಹುಡುಗಿ ಎಲ್ಲಿಗೆ ಹೋಗಬೇಕು?

ಮಳೆಹುಚ್ಚು
ಎಎ ಅಂದರೆ ಗೋಡೆ ಗಡಿಯಾರದ ಸೆಲ್ ಹಾಕಬೇಡಿ. ಕೆಲವು ಕ್ಯಾಮೆರಾದಲ್ಲಿ ಲೆನ್ಸ್ ಹೊರಗೆ ಬರುವಷ್ಟರಲ್ಲೇ ಬ್ಯಾಟರಿ ಮುಗಿಯಿತು ಎಂದು ತೋರಿಸಿ ಆಫ್ ಆಗುತ್ತದೆ. ಆಲ್ಕಲೈನ್ ಪರವಾಗಿಲ್ಲ. ಚಾರ್ಜ್ ಆಗುವ ನಿಕಲ್ ಸೆಲ್ ನಾಲ್ಕು ಇಟ್ಟುಕೊಂಡರೆ ನಿಶ್ಚಿಂತೆ.

ಮಸೂರ
ಪ್ಲಗ್ ಪಾಯಿಂಟಿನ ಮಾತು ನಿಜ. ಆದರೆ 185ರ ಎನ್‌ಬಿ-11ಎಲ್ ಬ್ಯಾಟರಿ ಒಮ್ಮೆ ತುಂಬಿದರೆ ಸುಮಾರು 200 ಫೋಟೋ ಕೊಡುತ್ತದೆ. ಬಿಡಿ ಬ್ಯಾಟರಿ ಒಂದು ಜೇಬಿನಲ್ಲಿದ್ದರೆ ಮೂರು ದಿನದ ಪ್ರವಾಸಕ್ಕೆ ಚಾರ್ಜರೇ ಬೇಡ. ತೆಗೆದ ಫೋಟೋ ಪದೇ ಪದೇ ಸ್ಕ್ರೀನ್‌ನಲ್ಲಿ ನೋಡುವುದನ್ನು ಮಾತ್ರ ತಡೆಯಬೇಕು. ಎಂಟನೇ ಕ್ಲಾಸಿನ ಮಕ್ಕಳನ್ನು ತಡೆಯಲು ಆಗುತ್ತದಾ, ಅದು ಬೇರೆ ಪ್ರಶ್ನೆ.

ಸೋನಿಪುಟ್ಟ
ಸೋನಿ ಡಬ್ಲ್ಯು800 ಕೂಡ ನೋಡಿ. 185ಕ್ಕೆ ಸರಿಸಮ, ಎರಡರಲ್ಲೂ ಸ್ಟೆಬಿಲೈಸರ್ ಇದೆ, ಕೈ ನಡುಗಿದರೂ ತೊಂದರೆ ಇಲ್ಲ.

ಮಸೂರ
ಇಲ್ಲ. ಇದು ತಿದ್ದಲೇಬೇಕಾದ ಮಾತು.

185ರಲ್ಲಿ ಇರುವುದು ಡಿಜಿಟಲ್ ಸ್ಟೆಬಿಲೈಸರ್, ಡಬ್ಲ್ಯು800ರಲ್ಲಿ ಎಲೆಕ್ಟ್ರಾನಿಕ್. ಹೆಸರು ಏನೇ ಇರಲಿ, ಲೆನ್ಸ್ ಒಳಗಿನ ಗಾಜು ಅಲುಗಿ ಕೈನಡುಕ ಸರಿದೂಗಿಸುವ ಆಪ್ಟಿಕಲ್ ಸ್ಟೆಬಿಲೈಸರ್ ಅಲ್ಲ. ಅದು ಬೇಕಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಕ್ಯಾನನ್‌ನಲ್ಲಿ ಇಕ್ಸಸ್ 190, ಸೋನಿಯಲ್ಲಿ ಡಬ್ಲ್ಯು830.

ಇದು ಸಣ್ಣ ವ್ಯತ್ಯಾಸ ಅಲ್ಲ. 185ರ ಪೂರ್ತಿ ಜೂಮ್ ಹಳೇ ಫಿಲ್ಮ್ ಲೆಕ್ಕದಲ್ಲಿ 224 ಎಂಎಂ. ಕೈಯಲ್ಲಿ ಹಿಡಿದು ಅಲುಗದ ಹಾಗೆ ತೆಗೆಯಲು ಶಟರ್ ತೆರೆದಿರುವ ಹೊತ್ತು 1/200 ಸೆಕೆಂಡಿನ ಸುತ್ತ ಇರಬೇಕು. ಬಿಸಿಲಲ್ಲಿ ಸಿಗುತ್ತದೆ, ಮಂಟಪದ ಒಳಗೆ ಸಿಗುವುದಿಲ್ಲ. ಆಪ್ಟಿಕಲ್ ಸ್ಟೆಬಿಲೈಸರ್ ಇದ್ದರೆ ಇದಕ್ಕಿಂತ ಎಷ್ಟೋ ನಿಧಾನದ ಶಟರ್‌ನಲ್ಲೂ ನಿಂತ ವಸ್ತು ಚೊಕ್ಕ ಬರುತ್ತದೆ. ಮಕ್ಕಳು ಕ್ಯಾಮೆರಾವನ್ನು ಒಂದೇ ಕೈಯಲ್ಲಿ ಚಾಚಿ ಹಿಡಿದು ಒತ್ತುತ್ತಾರೆ, ಅವರಿಗೆ ಇದು ದೊಡ್ಡವರಿಗಿಂತ ಮುಖ್ಯ.

190 ಕೂಡ 2017ರದ್ದೇ. 10ಎಕ್ಸ್ ಜೂಮ್, ಅದೇ ಫಿಲ್ಮ್ ಲೆಕ್ಕದಲ್ಲಿ 24 ಎಂಎಂನ ಅಗಲ ನೋಟದಿಂದ ಶುರು, ಹಾಗಾಗಿ ಗುಂಪು ಫೋಟೋಕ್ಕೆ ಹಿಂದೆ ಹಿಂದೆ ಸರಿಯಬೇಕಿಲ್ಲ. ವೈಫೈಯೂ ಇದೆ. ಮೇಡಂ, ಅಂಗಡಿಯವರನ್ನು 190 ಇದೆಯಾ ಕೇಳಿ. ಇಲ್ಲದಿದ್ದರೆ 185ಕ್ಕೆ ಏಳೂವರೆ ಜಾಸ್ತಿ, ಐದೂವರೆ ಆರಕ್ಕೆ ಚೌಕಾಸಿ ಮಾಡಿ.

ಸೋನಿಪುಟ್ಟ
ಸರಿ. ಸ್ಟೆಬಿಲೈಸರ್‌ಗೆ ಸೋನಿಯವರ ಹೆಸರು ಸ್ಟೆಡಿಶಾಟ್, ಡಬ್ಬದ ಮೇಲೆ ಅದನ್ನೇ ದೊಡ್ಡದಾಗಿ ಬರೆದಿರುತ್ತದೆ, ಎರಡೂ ಒಂದೇ ಅನಿಸುತ್ತದೆ.

ತುಂಗಾತೀರ
ನಾಳೆ ಹೋಗುತ್ತೇನೆ. ಸೆಕೆಂಡ್ ಹ್ಯಾಂಡ್ ಅಂದರೆ ಏನೇನು ನೋಡಬೇಕು? ನನ್ನಂಥವರಿಗೆ ಅರ್ಥ ಆಗುವ ಹಾಗೆ ಹೇಳಿ.

ಹಳೇಫ್ಲ್ಯಾಶ್
ಮನೆಯಿಂದಲೇ ಒಂದು ಎಸ್‌ಡಿ ಕಾರ್ಡ್ ಒಯ್ಯಿರಿ. ಮೊದಲು ಕ್ಯಾಮೆರಾ ಆನ್ ಮಾಡಿ ಕಿವಿ ಹತ್ತಿರ ಹಿಡಿಯಿರಿ. ಲೆನ್ಸ್ ಸರಾಗ ಹೊರಗೆ ಬರಬೇಕು, ಮರಳು ಅರೆದ ಹಾಗೆ ಕರಕರ ಅಂದರೆ ಅಲ್ಲಿಗೇ ಬಿಡಿ. ಲೆನ್ಸ್ ಒಳಗೆ ಧೂಳು ಹೋಗಿ ಸಿಕ್ಕಿಕೊಂಡರೆ ರಿಪೇರಿ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ.

ಆಮೇಲೆ ಅಂಗಡಿ ಹೊರಗೆ ಬಂದು, ಪೂರ್ತಿ ಜೂಮ್ ಮಾಡಿ, ಖಾಲಿ ಆಕಾಶದ ಫೋಟೋ ತೆಗೆಯಿರಿ. ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಮಸುಕಾದ ಬೂದು ಚುಕ್ಕೆ ಕಾಣುತ್ತದೆ. ಜೂಮ್ ಮಾಡದೆ ತೆಗೆದರೆ ಕಾಣದೇ ಹೋಗಬಹುದು, ಅಂಗಡಿಯವರು ಹಾಗೇ ತೆಗೆದು ತೋರಿಸುತ್ತಾರೆ.

ಬ್ಯಾಟರಿ ಹೊರಗೆ ತೆಗೆದು ಗಾಜಿನ ಕೌಂಟರ್ ಮೇಲೆ ಇಟ್ಟು ತಿರುಗಿಸಿ. ಬುಗುರಿ ಹಾಗೆ ಸುತ್ತಿದರೆ ಉಬ್ಬಿದೆ ಎಂದೇ ಅರ್ಥ.

ಮಳೆಹುಚ್ಚು
ಮಲೆನಾಡಿನ ಮಾಲು ಅಂದರೆ ಬೂಷ್ಟು ನೋಡಲೇಬೇಕು. ಫೋನಿನ ಟಾರ್ಚ್ ಓರೆಯಾಗಿ ಲೆನ್ಸ್ ಮೇಲೆ ಬಿಡಿ. ಬಿಳೀ ನೂಲಿನ ಎಳೆ ಕಂಡರೆ ಫಂಗಸ್. ಮಳೆಗಾಲದಲ್ಲಿ ಚರ್ಮದ ಪೌಚಿನಲ್ಲಿ ಇಟ್ಟರೆ ಕಥೆ ಮುಗಿಯಿತು, ಚರ್ಮವೇ ತೇವ ಹೀರಿ ಕೂತಿರುತ್ತದೆ.

ಅಕ್ಕಿರೊಟ್ಟಿ
ಅಕ್ಕಿ ಡಬ್ಬದಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಹಾಗೇ ಇಡುವುದು.

ಮಳೆಹುಚ್ಚು
ಅಕ್ಕಿ ಬೇಡ ಮಾರಾಯ್ತಿ. ಅಕ್ಕಿಯ ತೌಡು ಲೆನ್ಸ್ ಸಂದಿಗೆ ಹೋಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಜೆಲ್ ಸಿಗುತ್ತದೆ, ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು.

ಅಕ್ಕಿರೊಟ್ಟಿ
ನಮ್ಮ ಅಕ್ಕಿಯಲ್ಲಿ ತೌಡು ಇಲ್ಲ. ಪಾಲಿಶ್ ಅಕ್ಕಿ.

ಹಳೇಫ್ಲ್ಯಾಶ್
ಮೇಡಂ, ನಿಮ್ಮ ಬೀರುವಿನ ಕ್ಯಾಮೆರಾ ಬಗ್ಗೆ ಒಂದು ಮಾತು. ಆ ನೇರಳೆ ಗೆರೆ ಸ್ಕ್ರೀನಿನದ್ದಲ್ಲ, ಸೆನ್ಸರಿನದ್ದು ಇರಬಹುದು. 2002ರಿಂದ 2004ರ ಸುಮಾರಿಗೆ ಬಂದ ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ ಒಂದೇ ಬಗೆಯ ಸಿಸಿಡಿ ಇತ್ತು. ಶಾಖ, ತೇವ ಹೆಚ್ಚಿರುವ ಊರುಗಳಲ್ಲಿ ಅದರ ಒಳಗಿನ ಸಂಪರ್ಕ ಬಿಟ್ಟುಹೋಗುತ್ತಿತ್ತು. 2005ರಲ್ಲಿ ಕಂಪನಿಗಳೇ ಅದನ್ನು ಒಪ್ಪಿಕೊಂಡು ಉಚಿತವಾಗಿ ಬದಲಿಸಿಕೊಟ್ಟವು. ಈಗ ಯಾರೂ ಮಾಡಿಕೊಡುವುದಿಲ್ಲ. ಇ-ತ್ಯಾಜ್ಯಕ್ಕೆ ಹಾಕಿ.

ಇತಿಹಾಸಹುಳ
ಕ್ಯಾಮೆರಾ ಮಾತು ಸಾಕು, ಹಂಪಿಗೆ ಹೋಗುವ ಹುಡುಗಿಗೆ ಇದನ್ನು ಹೇಳಿ ಕಳಿಸಿ. ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಕತ್ತಲೆಯ ಒಂದು ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಎದುರಿನ ಗೋಡೆ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಸುಮಾರು 50 ಮೀಟರ್ ಎತ್ತರದ ಗೋಪುರ ಗೋಡೆಯ ಮೇಲೆ ಪುಟ್ಟದಾಗಿ ಇಳಿದಿರುತ್ತದೆ. ಕ್ಯಾಮೆರಾ ಕೆಲಸ ಮಾಡುವುದೂ ಹೀಗೇ ಅಲ್ವಾ? ಅವಳ ಕೈಯಲ್ಲಿರುವ ಇಕ್ಸಸ್ ಒಳಗೂ ಗೋಪುರ ತಲೆಕೆಳಗಾಗಿಯೇ ಬೀಳುವುದು.

ಅಲ್ಲಿಗೆ ಬರುವವರಲ್ಲಿ ಬಹಳ ಜನ ಫ್ಲ್ಯಾಶ್ ಹಾಕಿ ಒತ್ತುತ್ತಾರೆ. ಬರುವುದು ಖಾಲಿ ಗೋಡೆ.

ಮಸೂರ
ಸೊಗಸಾದ ಉದಾಹರಣೆ. ಅಲ್ಲಿ ಫ್ಲ್ಯಾಶ್ ಆಫ್, ಜೂಮ್ ಬೇಡ, ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದು 2 ಸೆಕೆಂಡಿನ ಟೈಮರ್ ಹಾಕಬೇಕು. ಬೆರಳು ಒತ್ತಿದ ಅದುರು ನಿಂತ ಮೇಲೆ ಕ್ಲಿಕ್ ಆಗುತ್ತದೆ.

ಇದರ ಉಲ್ಟಾ, ನಡು ಮಧ್ಯಾಹ್ನ ಕಲ್ಲಿನ ರಥದ ಮುಂದೆ ಗೆಳತಿಯರನ್ನು ನಿಲ್ಲಿಸಿ ತೆಗೆಯುವಾಗ ಫ್ಲ್ಯಾಶ್ ಬಲವಂತವಾಗಿ ಆನ್ ಮಾಡಲಿ. ಬಿಸಿಲಲ್ಲಿ ಫ್ಲ್ಯಾಶ್ ಯಾಕೆ ಎಂದು ಎಲ್ಲರೂ ನಗುತ್ತಾರೆ. ನೆತ್ತಿ ಮೇಲಿನ ಸೂರ್ಯನಿಂದ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ, ಅದನ್ನು ಈ ಪುಟ್ಟ ಫ್ಲ್ಯಾಶ್ ತುಂಬುತ್ತದೆ. ಫೋನಿನ ಎಲ್‌ಇಡಿ ದೀಪಕ್ಕೆ ಆ ತಾಕತ್ತು ಇಲ್ಲ. ಬೆಂದಕಾಳು ಅವರೇ, ಇದೊಂದನ್ನು ನೀವೂ ಒಪ್ಪಬೇಕು.

ಬೆಂದಕಾಳು
ಒಪ್ಪಿದೆ. ಇದೊಂದನ್ನು.

ಬಯಲುಸೀಮೆ
ನಾನು ಬಾಗಲಕೋಟೆ ಕಡೆಯವ. ಬಾದಾಮಿಯಲ್ಲಿ ಕ್ಯಾಮೆರಾದ ಪಟ್ಟಿ ಮಣಿಕಟ್ಟಿಗೆ ಹಾಕಿಕೊಂಡೇ ಇರಬೇಕು. ಗುಹೆ ಮೆಟ್ಟಿಲ ಮೇಲೆ ಮಂಗಗಳದ್ದೇ ರಾಜ್ಯ. ತಿಂಡಿ ಪೊಟ್ಟಣ ಯಾವುದು, ಕ್ಯಾಮೆರಾ ಪೌಚು ಯಾವುದು ಎಂದು ಅವು ಬಿಚ್ಚಿ ನೋಡಿಯೇ ತೀರ್ಮಾನ ಮಾಡುವುದು. ಬಣ್ಣದ ಪೌಚು ಒಯ್ಯಬೇಡಿ. ಮತ್ತೆ ಇಮ್ಮಡಿ ಪುಲಕೇಶಿ ಕೊರೆಸಿದ 3ನೇ ಗುಹೆ ತಪ್ಪಿಸಬೇಡಿ, ದೊಡ್ಡದು ಅದೇ.

ಇತಿಹಾಸಹುಳ
3ನೇ ಗುಹೆ ಇಮ್ಮಡಿ ಪುಲಕೇಶಿಯದಲ್ಲ ಸ್ವಾಮಿ. ಮಂಗಳೇಶನ ಶಾಸನ ಅಲ್ಲೇ ಇದೆ, ಕ್ರಿ.ಶ. 578ರದ್ದು. ಆಗ ಆಳುತ್ತಿದ್ದವನು ಅವನ ಅಣ್ಣ ಒಂದನೇ ಕೀರ್ತಿವರ್ಮ. ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದಿದ್ದು ಅದಾಗಿ ಮೂವತ್ತು ವರ್ಷದ ಮೇಲೆ.

ಬಯಲುಸೀಮೆ
ನಮ್ಮೂರ ಗುಹೆಯ ಬಗ್ಗೆ ನನಗೇ ಪಾಠ. ಇರಲಿ, ಮಂಗಗಳ ವಿಷಯದಲ್ಲಿ ನನ್ನ ಮಾತೇ ಅಂತಿಮ.

ಪೋಷಕರಸಂಕಟ
ಸಂಬಂಧ ಇಲ್ಲದ ಪ್ರಶ್ನೆ. ಫೋನ್ ಬೇಡ, ಕ್ಯಾಮೆರಾ ಆಗಬಹುದು ಎನ್ನುವ ಶಾಲೆಗಳ ತರ್ಕ ಏನು? ಕ್ಯಾಮೆರಾ ಇಲ್ಲದ ಮಗು ಸುಮ್ನೆ ಮುಖ ಸಪ್ಪೆ ಮಾಡಿಕೊಂಡು ನಿಲ್ಲಬೇಕಾ? ನಮ್ಮ ಕಡೆ ಒಂದು ಶಾಲೆಯಲ್ಲಿ ಹೀಗೇ ಹೇಳಿ, ಎಲ್ಲರೂ ಪೈಪೋಟಿಯ ಮೇಲೆ ಕ್ಯಾಮೆರಾ ತಂದು ಕೊನೆಗೆ ಎರಡು ಕಳೆದುಹೋಗಿ ದೊಡ್ಡ ಜಗಳ ಆಯಿತು.

ಮಳೆಹುಚ್ಚು
ನಾಲ್ಕೈದು ಮಕ್ಕಳಿಗೆ ಒಂದು ಕ್ಯಾಮೆರಾ ಎಂದು ಗುಂಪು ಮಾಡಬೇಕು. ನಮ್ಮ ಕಾಲದಲ್ಲಿ ಇಡೀ ಕ್ಲಾಸಿಗೆ ಒಂದೇ ಕ್ಯಾಮೆರಾ, 36 ಫೋಟೋದ ಒಂದೇ ರೋಲು. ಅದರಲ್ಲಿ ಮೇಷ್ಟ್ರ ಫೋಟೋವೇ ಜಾಸ್ತಿ.

ತುಂಗಾತೀರ
ಅಂಗಡಿಗೆ ಹೋಗಿ ಬಂದೆವು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ನೀವು ಹೇಳಿದ್ದನ್ನೆಲ್ಲ ಅವಳೇ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಅಂಗಡಿಯವರ ಮುಖ ನೋಡಬೇಕಿತ್ತು.

190 ಇದೆಯಾ ಎಂದಾಗ ಒಳಗಿನಿಂದ ಒಂದು ತಂದರು. 9 ಸಾವಿರ ಎಂದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪರೀಕ್ಷೆ ಮಾಡಿದೆವು. ಅಂಗಡಿಯ ಹಿಂದಿನ ಗೋಡೆಯಲ್ಲಿ, ಬೆಳಕು ಕಡಿಮೆ ಇರುವ ಕಡೆ, ಒಂದು ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿತ್ತು. ಅವಳು ಬಾಗಿಲ ಹತ್ತಿರ ನಿಂತು ಪೂರ್ತಿ ಜೂಮ್ ಮಾಡಿ ಅದನ್ನು ತೆಗೆದಳು. 185ರಲ್ಲಿ ತಾರೀಕು ಓದಲು ಬರುತ್ತಿತ್ತು, ಅದರ ಕೆಳಗಿನ ರಾಹುಕಾಲದ ಅಕ್ಷರಗಳು ಎರಡೆರಡಾಗಿ ಕಾಣುತ್ತಿದ್ದವು. 190ರಲ್ಲಿ ರಾಹುಕಾಲ, ಗುಳಿಕಕಾಲ ಎರಡನ್ನೂ ಓದಿದೆವು. ಸ್ವಲ್ಪ ಕಾಳು ಕಾಳು ಇದೆ, ಆದರೆ ಓದಬಹುದು. ಮಸೂರ ಅವರು ಹೇಳಿದ್ದು ಇದನ್ನೇ ಎಂದು ಆಗ ಅರ್ಥ ಆಯಿತು.

ಆಕಾಶದ ಫೋಟೋದಲ್ಲಿ ಚುಕ್ಕೆ ಇರಲಿಲ್ಲ. ಬ್ಯಾಟರಿ ಮಾತ್ರ ಕೌಂಟರ್ ಮೇಲೆ ಬುಗುರಿ ಹಾಗೇ ಸುತ್ತಿತು. ಯಾವುದೋ ಡೂಪ್ಲಿಕೇಟ್. ಅದನ್ನು ತೋರಿಸಿ ಬೇರೆ ಬ್ಯಾಟರಿ ಹಾಕಿಸಿಕೊಂಡು, ಚೌಕಾಸಿ ಮಾಡಿ 8,200ಕ್ಕೆ 190 ತಂದೆವು.

ನಿನ್ನೆಯಿಂದ ಮನೆಯಲ್ಲಿ ಅಜ್ಜಿ, ಬೆಕ್ಕು, ಒಗ್ಗರಣೆ ಸೌಟು ಎಲ್ಲದರ ಫೋಟೋ ಆಗಿದೆ. ಮಗುವಿಗೆ ಇಷ್ಟ ಆಗಿದ್ದು ಅರ್ಧ ಒತ್ತಿ ಹಿಡಿದಾಗ ಬರುವ ಬೀಪ್ ಸದ್ದು ಮತ್ತು ಹಸಿರು ಚೌಕ.

ಹಳೇಫ್ಲ್ಯಾಶ್
ಅರ್ಧ ಒತ್ತಿ, ಚೌಕ ಹಸಿರಾದ ಮೇಲೆ ಪೂರ್ತಿ ಒತ್ತುವುದು ಅವಳಿಗೆ ರೂಢಿ ಆದರೆ ಮಸುಕಾದ ಫೋಟೋ ಅರ್ಧ ಕಡಿಮೆ ಆದಂತೆ. ಮೆನುವಿನಲ್ಲಿ ಡಿಜಿಟಲ್ ಜೂಮ್ ಆಫ್ ಮಾಡಿಬಿಡಿ. ಇಲ್ಲದಿದ್ದರೆ 10ಎಕ್ಸ್ ದಾಟಿ ಎಳೆಯುತ್ತಲೇ ಇರುತ್ತಾಳೆ.

ಸಿಸಿಡಿಪ್ರೇಮಿ
190 ಕೂಡ ಸಿಸಿಡಿಯೇ. ಸುಮ್ನೆ ಹೇಳಿದೆ.

ದೂರದೇಶಿ
ಪ್ರವಾಸದಿಂದ ಬಂದ ಮೇಲೆ ಪ್ರಿಂಟ್ ಹಾಕಿಸಿ. 4×6 ಇಂಚಿನ ಫೋಟೋಕ್ಕೆ ಸ್ಟುಡಿಯೋದವರ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಲೆಕ್ಕದಲ್ಲಿ 1800×1200 ಚುಕ್ಕೆ ಸಾಕು, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. 20 ಸಾಕಾ 48 ಬೇಕಾ ಎಂದು ಕೇಳಿದ್ದಿರಲ್ಲ.

ತುಂಗಾತೀರ
ಎರಡಾ! ಸರಿ ಹೋಯಿತು.

ಕೊನೆಯದಾಗಿ ಒಂದು. ಮನೆಯಲ್ಲಿ ಹಳೇ ಫೋನಿನ 32 ಜಿಬಿ ಮೈಕ್ರೋ ಎಸ್‌ಡಿ ಇದೆ, ಅಡಾಪ್ಟರ್ ಕೂಡ ಇದೆ. ಇದಕ್ಕೆ ಹಾಕಬಹುದಾ? ಹಾಕಿ ನೋಡಿದರೆ ಕಾರ್ಡ್ ಲಾಕ್ ಆಗಿದೆ ಎಂದು ಬರುತ್ತಿದೆ.

ಮಳೆಹುಚ್ಚು
ಹಾಕಬಹುದು. ಅಡಾಪ್ಟರ್‌ನ ಎಡಗಡೆ ಒಂದು ಪುಟ್ಟ ಗುಂಡಿ ಇದೆ ನೋಡಿ, ಉಗುರಿನಿಂದ ಮೇಲಕ್ಕೆ ತಳ್ಳಿ. ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಅದಕ್ಕೆ ಮೊದಲು ಕಾರ್ಡಿನಲ್ಲಿ ಹಳೇ ಫೋಟೋ ಇದ್ದರೆ ತೆಗೆದಿಟ್ಟುಕೊಳ್ಳಿ.

ತುಂಗಾತೀರ
ಗುಂಡಿ ತಳ್ಳಿದೆ, ಆಯಿತು. ಕಾರ್ಡಿನಲ್ಲಿ ನಮ್ಮ ಮನೆಯವರ ಕ್ರಿಕೆಟ್ ವಿಡಿಯೋಗಳು ಇವೆಯಂತೆ, ಕೇಳಿ ಅಳಿಸುತ್ತೇನೆ.

ಬೆಂದಕಾಳು
ಕೇಳಬೇಡಿ, ಅಳಿಸಿ.